ಹತ್ತೊಂಬತ್ತು ಮನೆಯ ಗಾಳಿ

ಒದ್ದೆ ಸೀರೆಯನ್ನು ಎರಡು ಸಲ ಝಾಡಿಸಿ ಮುದ್ದಿ ರೆಕ್ಕೆಯ ಮೇಲೆ ಎಸೆದಳು. ಸೀರೆ ಚೆನ್ನಾಗಿ ಹರಡಿಕೊಂಡಿತು. ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲು ಹೇರಿದಳು.

"ಅಕ್ಕಾ! ಏ ಅಕ್ಕಾ! ತೆಗೀರಿ ಅದನ್ನ. ಅದೇನು ಬಟ್ಟೆ ಒಣಗಿಸೋ ಹಗ್ಗಾನಾ?"

"ಹಗ್ಗ ಕಿತ್ತೋರು ನೀವೇ," ಎಂದಳು ಮುದ್ದಿ, ತಿರುಗಿಯೂ ನೋಡದೆ. ಮಗಳ ಚೂಡಿದಾರವನ್ನೂ ಎಸೆದಳು. "ಅಗೋ, ನಿಮ್ಮ ರೆಕ್ಕೆಗೇ ಸುತ್ಕೊಂಡೈತೆ. ಬಿಡಿಸಿ ಕಟ್ಟಿಕೊಡಿ. ತೆಗೀತೀನಿ."

ಹಳದಿ ಹೆಲ್ಮೆಟ್ಟಿನ ಯುವಕ ಬಗ್ಗಿ ನೋಡಿದ. ನಿಜ. ನೀಲಿ ಪ್ಲಾಸ್ಟಿಕ್ ಹಗ್ಗ ರೆಕ್ಕೆಯ ಹೊಟ್ಟೆಗೆ ಮೂರು ಸುತ್ತು ಬಿಗಿದುಕೊಂಡಿತ್ತು. ಅದರಲ್ಲಿ ಒಂದು ಒಳಲಂಗ ಇನ್ನೂ ನೇತಾಡುತ್ತಿತ್ತು. ಅವನು ಮುಖ ಆ ಕಡೆ ಮಾಡಿದ. ಸುತ್ತ ನಿಂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

"ನಾಚ್ಕೋಬ್ಯಾಡ ಕಣಪ್ಪ," ಎಂದಳು ಪಕ್ಕದ ಮನೆಯ ಮಾರಿ. "ಅದು ನಂದು. ಸದ್ಯ, ಹೊಸದು."

ರೆಕ್ಕೆ ಬೆಟ್ಟದ ತುದಿಯಲ್ಲಿ ನಿಲ್ಲಿಸುತ್ತಿದ್ದ ಗಾಳಿಯಂತ್ರದ್ದು. ಬಿಳಿ ಬಣ್ಣ. ನುಣುಪು. ಆರು ಮನೆಗಳನ್ನು ಸಾಲಾಗಿ ಜೋಡಿಸಿದಷ್ಟು ಉದ್ದ. ಒಂದು ಯಂತ್ರಕ್ಕೆ ಮೂರು ರೆಕ್ಕೆ. ಎರಡು ಹಿಂದಿನ ವಾರವೇ ನಸುಕಿನಲ್ಲಿ ಬೆಟ್ಟ ಹತ್ತಿದ್ದವು. ಮೂರನೆಯದು ಈಗ ಗಾಳಿಕಂಡಿಯ ತಿರುವಿನಲ್ಲಿ, ಮುದ್ದಿಯ ಅಂಗಳದ ಮೇಲೆ ಎದೆಯೆತ್ತರಕ್ಕೆ ಮಲಗಿ, ತುದಿಯನ್ನು ಅವಳ ಅಡುಗೆಮನೆಯ ಸೂರಿಗೆ ಆನಿಸಿ ಸುಮ್ಮನಾಗಿತ್ತು.

ಆಗಿದ್ದಿಷ್ಟು. ರೆಕ್ಕೆ ಹೊತ್ತ ಲಾರಿ ಬೆಳಿಗ್ಗೆ ಆರಕ್ಕೆ ಈ ತಿರುವು ದಾಟಬೇಕಿತ್ತು. ಕಂಪನಿಯ ದೊಡ್ಡವರು ನಕ್ಷೆ ನೋಡಿದ್ದರು. ರಸ್ತೆಯ ಅಗಲ ಅಳೆದಿದ್ದರು. ಸೇತುವೆ ತೂಕ ತಡೆಯುತ್ತದೋ ಇಲ್ಲವೋ ಲೆಕ್ಕ ಹಾಕಿದ್ದರು. ಆದರೆ ಶನಿವಾರಸಂತೆಯ ಮೇಲೆ ಬರುವ ಲಾರಿಯನ್ನು ಶನಿವಾರವೇ ಹೊರಡಿಸಿದ್ದರು. ಊರಿನ ಹೆಸರಿನಲ್ಲೇ ವಾರ ಬರೆದಿತ್ತು, ಯಾರೂ ಓದಿರಲಿಲ್ಲ. ಕೋಳಿ ಬುಟ್ಟಿ, ಹಸಿಮೆಣಸಿನ ಮೂಟೆ, ತಳ್ಳುಗಾಡಿಗಳ ನಡುವೆ ರೆಕ್ಕೆ ಆರು ಗಂಟೆ ನಿಂತಿತು. ಒಬ್ಬ ವ್ಯಾಪಾರಿ ಅದರ ನೆರಳಲ್ಲೇ ಈರುಳ್ಳಿ ಸುರಿದುಕೊಂಡು ಕೂತಿದ್ದನಂತೆ. ಎಬ್ಬಿಸಲು ಹೋದವರಿಗೆ "ನಿಮ್ಮದು ಕೆಡುವ ಮಾಲಾ?" ಎಂದು ಕೇಳಿದನಂತೆ.

ಗಾಳಿಕಂಡಿಗೆ ಬಂದಾಗ ಮಧ್ಯಾಹ್ನ ಒಂದು ದಾಟಿತ್ತು. ಮುದ್ದಿ ಅಂಗಳದಲ್ಲಿ ಮೊರ ಹಿಡಿದು ಕರಿಮೆಣಸು ತೂರುತ್ತಿದ್ದಳು. ಲಾರಿ ಕಂಡದ್ದೇ ರಸ್ತೆಗೆ ಬಂದು ಕೈ ಅಡ್ಡ ಹಿಡಿದಳು.

"ಈಗ ತಿರುಗಿಸಬ್ಯಾಡಿ. ಗಾಳಿ ಎದ್ದೈತೆ. ಇನ್ನೊಂಚೂರು ಹೊತ್ಗೆ ಜೋರಾಯ್ತದೆ. ಸಂಜೆಗಂಟ ತಡೀರಿ."

ಹಳದಿ ಹೆಲ್ಮೆಟ್ಟಿನ ಇಂಜಿನಿಯರ್ ಸತೀಶ್ ತಡೆದ. ಮೇಲಿನವರಿಗೆ ಫೋನ್ ಮಾಡಿದ. ಮೇಲಿನವರು ಎಲ್ಲೋ ಕೂತು ತಮ್ಮ ಮೊಬೈಲ್ ನೋಡಿದರು. "ಇವತ್ತು ಆ ಕಡೆ ಗಾಳಿಯೇ ಇಲ್ಲ. ಹೋಗಿ," ಎಂದರು. ಗಾಳಿಯನ್ನೇ ಮಾರಿ ಉಣ್ಣುವ ಕಂಪನಿ. ಸತೀಶ್ ನಂಬಿದ.

ಗಾಳಿ ಹಿಡಿಯಲೆಂದೇ ಮಾಡಿದ ವಸ್ತು ಅದು. ತಿರುವಿನ ಬಾಯಿಗೆ ಬಂದದ್ದೇ ಗಾಳಿ ಹಿಡಿಯಿತು. ಲಾರಿಯ ಹಿಂದಿನ ಚಕ್ರಗಳು ಚರಂಡಿಗೆ ಜಾರಿದವು. ಬಾಲ ಕೆಳಗಿನ ಅಂಗಳಕ್ಕೆ ವಾಲಿತು. ಹನ್ನೊಂದು ಹೆಂಚು ಹೋದವು. ಒಂದು ಚೂರು ಒಲೆಯ ಮೇಲಿದ್ದ ಹುರುಳಿ ಸಾರಿನೊಳಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಒಳಗೆ ಓದುತ್ತಿದ್ದ ಮಗಳು ಕವನಾ ಪುಸ್ತಕ ಹಿಡಿದೇ ಹೊರಗೆ ಓಡಿ ಬಂದಳು. ಮೊದಲು ಬೆಚ್ಚಿದಳು. ಆಮೇಲೆ ರೆಕ್ಕೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೂಗಿದಳು.

"ಅವ್ವಾ, ಕರೆಂಟು ಮನೆಗೇ ಬಂತು!"

ಹಾಗೆ ಶುರುವಾದ ನಗು ಇಡೀ ಮಧ್ಯಾಹ್ನ ನಿಲ್ಲಲಿಲ್ಲ. ಕಾಲೋನಿಯ ಹತ್ತೊಂಬತ್ತು ಮನೆಯವರೂ ಬಂದರು. ಹೆಂಗಸರು ರೆಕ್ಕೆಯ ನೆರಳಲ್ಲಿ ಕಾಲು ಚಾಚಿ ಕೂತರು. ಮಕ್ಕಳು ಅದರ ಹೊಟ್ಟೆಗೆ ಬಡಿದು ಡೋಲಿನ ಸದ್ದು ಎಬ್ಬಿಸಿದರು. ಮಾರಿ ಲಾರಿಯ ಚಕ್ರ ಎಣಿಸಲು ಹೋಗಿ ನಡುವೆ ಎರಡು ಸಲ ತಪ್ಪಿ, "ಹೋಗ್ಲಿ, ಬೇಕಾದಷ್ಟೈತೆ," ಎಂದು ಬಿಟ್ಟುಬಿಟ್ಟಳು.

ಸತೀಶ್ ಮಾತ್ರ ನಗಲಿಲ್ಲ. ಕುಶಾಲನಗರದ ಕಡೆಯ ರೈತರ ಮಗ. ಅಜ್ಜ ಹಾಸನದಿಂದ ಬಂದು ಜೋಳ ಬಿತ್ತಿದವನು. ಕಂಪನಿಯ ಅಂಗಿ ತೊಟ್ಟು ಎಂಟು ತಿಂಗಳು. ಸೋಮವಾರ ಬೆಳಿಗ್ಗೆ ರೆಕ್ಕೆ ಏರಿಸುವುದನ್ನು ನೋಡಲು ದೆಹಲಿಯಿಂದ ದೊಡ್ಡವರು ಬರುತ್ತಾರೆ. ಅಷ್ಟರೊಳಗೆ ಲಾರಿ ಏಳಬೇಕು. ಏಳಿಸಲು ಕ್ರೇನ್ ನಿಲ್ಲಬೇಕು. ಒಂದು ಕಡೆ ಗುಡ್ಡ. ಒಂದು ಕಡೆ ಇಳಿಜಾರು. ಮಟ್ಟಸ ನೆಲ ಅಂದರೆ ಮುದ್ದಿಯ ಅಡುಗೆಮನೆ ನಿಂತಿರುವ ಜಾಗ ಒಂದೇ.

"ಅಡುಗೆಮನೆ ಇಳಿಸಬೇಕಾಗುತ್ತೆ ಅಕ್ಕ," ಎಂದ ಅವನು, ನೆಲ ನೋಡುತ್ತ. "ನಿಮ್ಮ ಸಹಿ ಬೇಕು. ಮುಂಚೆ ಗೊತ್ತಾಗಲಿಲ್ಲ. ನಮ್ಮ ನಕ್ಷೇಲಿ ಇಲ್ಲಿ ಖಾಲಿ ಜಾಗ ಅಂತ ಇದೆ."

"ಖಾಲಿ ಜಾಗಾನಾ?"

"ಹೂಂ. ಮನೆ ತೋರಿಸಿಲ್ಲ."

"ಅಂಗಾರೆ ಇಷ್ಟು ವರ್ಸ ನಾನು ಎಲ್ಲಿ ಅನ್ನ ಬೇಯಿಸ್ತಿದ್ದೆ?"

ಮುದ್ದಿ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಕ್ಕುಪತ್ರ ತಂದು ತೋರಿಸಿದಳು. ಗಂಡ ಎಸ್ಟೇಟಿನಲ್ಲಿ ಮರಗಸಿಗೆ ಹತ್ತಿ, ಕೊಂಬೆ ಕಡಿಯುತ್ತ ಬಿದ್ದು ಸತ್ತ ವರ್ಷ ಬಂದ ಕಾಗದ. ಸರ್ಕಾರದ ಮೊಹರು. ಅವಳ ಹೆಸರು. ಸತೀಶ್ ಎರಡು ಸಲ ಓದಿ ಮರಳಿಸಿದ.

"ಗಾಳಿ ಯಾವಾಗ ಇಳಿಯುತ್ತೆ ಅಕ್ಕ? ಕ್ರೇನ್ ಈ ಗಾಳೀಲಿ ಎತ್ತೋ ಹಾಗಿಲ್ಲ."

ಮುದ್ದಿ ನೆಲದಿಂದ ಒಂದು ಹಿಡಿ ಮೆಣಸಿನ ಹೊಟ್ಟು ಎತ್ತಿ ಮೇಲಕ್ಕೆ ತೂರಿದಳು. ಅದು ಹೋಗುವ ದಾರಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಹೊತ್ತು ಆ ಬೂರುಗದ ಮರದ ನೆತ್ತಿಗೆ ಬಂದಾಗ. ಅಲ್ಲಿಗಂಟ ಕೂತ್ಕೋ. ಕಾಪಿ ಕುಡೀತೀಯಾ? ಹೆಂಚಿನ ಚೂರು ಬಿದ್ದಿಲ್ಲ ಅದ್ರಾಗೆ."

ಅವನು ಕೂತ. ಬೆಲ್ಲದ ಕಾಪಿ ಕುಡಿದ. ಮುದ್ದಿ ಮತ್ತೆ ಮೊರ ಹಿಡಿದಳು. ಇಂಥ ಗಾಳಿ ಬಿಟ್ಟರೆ ನಾಳೆ ಮಧ್ಯಾಹ್ನದವರೆಗೆ ಸಿಗುವುದಿಲ್ಲ. ಈಗ ಮಾರಿಯ ಮೆಣಸಿನ ಸರದಿ. ಮಾರಿಯ ಹಿತ್ತಲಿನಲ್ಲಿ ನಾಲ್ಕು ಬಳ್ಳಿಗಳಿವೆ. ಹಾಗೆ ಎಲ್ಲರಿಗೂ ಎರಡೋ ಮೂರೋ ಬಳ್ಳಿ. ಒಣಗಿಸಿದ ಮೆಣಸನ್ನು ಎಲ್ಲರೂ ಮುದ್ದಿಯ ಅಂಗಳಕ್ಕೇ ತರುತ್ತಾರೆ. ಗಾಳಿ ಬರುವುದು ಇಲ್ಲಿ. ತೂರುವ ಕೈ ಇರುವುದೂ ಇಲ್ಲಿ. ಮೂವತ್ತು ವರ್ಷದಿಂದ ಎತ್ತಿ ಎತ್ತಿ ಅವಳ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಮೇಲಿದೆ. ಮೆಣಸಿನ ದೂಳು ಎದೆ ಸೇರಿ, ನಕ್ಕಾಗಲೆಲ್ಲ ನಗುವಿನ ಕೊನೆಗೆ ಒಂದು ಕೆಮ್ಮು ಬರುತ್ತದೆ.

ಮೊದಲ ಮೊರ ತೂರಿದಳು. ಜೊಳ್ಳು ಹಾರಿತು. ಕಾಳು ಮೊರದಲ್ಲಿ ಉಳಿಯಿತು. ಅದನ್ನು ಚೀಲಕ್ಕೆ ಸುರಿಯಲಿಲ್ಲ. ಮೊರ ಹಿಡಿದುಕೊಂಡು ಕೂತವರ ನಡುವೆ ನಡೆದಳು. ಒಬ್ಬೊಬ್ಬರೂ ಒಂದು ಚಿಟಿಕೆ ತೆಗೆದುಕೊಂಡರು. ಮನೆಗೆ ಒಂದು. ಹತ್ತೊಂಬತ್ತು.

"ಇದೇನಕ್ಕ?" ಎಂದ ಸತೀಶ್.

"ಮೊದಲ ಮೊರ. ಬಳ್ಳಿ ಮಾರೀದು. ಕೈ ನಂದು. ಗಾಳಿ ಯಾರ್ದು?"

"ಯಾರ್ದೂ ಅಲ್ಲ."

"ಅಲ್ಲ, ಎಲ್ಲಾರ್ದೂ. ಅದಕ್ಕೇ ಗಾಳಿ ಬೇರೆ ಮಾಡಿ ಕೊಟ್ಟ ಮೊದಲ ಮೊರ ಎಲ್ಲಾ ಮನೆಗೂ ಹೋಗ್ಬೇಕು. ಒಬ್ಬರೇ ಇಟ್ಕಳಂಗಿಲ್ಲ. ನಮ್ಮಜ್ಜಿ ಕಾಲ್ದಿಂದ ಅಂಗೇ. ತಗಾ, ನೀನೂ ಒಂದು ಚಿಟಿಕೆ ತಗಾ. ಇವತ್ತು ನಮ್ಮ ಅಂಗಳದಾಗೆ ಕೂತಿದ್ದೀಯ."

ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಮತ್ತೆ ನಗು.

ಆ ನಗುವಿನಲ್ಲಿ ಅವನ ನಾಲಗೆ ಸಡಿಲವಾಯಿತು. ಗಾಳಿಯಂತ್ರದ ವಿಷಯ ಹೇಳತೊಡಗಿದ. ಕಲ್ಲಿದ್ದಲು ಬೇಡ. ಹೊಗೆ ಇಲ್ಲ, ಬೂದಿ ಇಲ್ಲ. ಅಣೆಕಟ್ಟಿನ ಹಾಗೆ ಊರು ಮುಳುಗಿಸುವುದಿಲ್ಲ. ಒಂದು ಸಲ ನಿಲ್ಲಿಸಿದರೆ ಇಪ್ಪತ್ತೈದು ವರ್ಷ ತಿರುಗುತ್ತದೆ. ಕೆಳಗಿನ ನೆಲದಲ್ಲಿ ದನ ಮೇಯಿಸಬಹುದು.

"ಊರು ಮುಳುಗಿಸಾಕಿಲ್ಲ ಅಂದ್ಯಲ್ಲ, ಅದು ಒಳ್ಳೇದು," ಎಂದಳು ಮುದ್ದಿ. "ನಮ್ಮವ್ವ ಹುಟ್ಟಿದ ಮನೆ ಇವತ್ತು ಡ್ಯಾಮಿನ ನೀರಾಗೈತೆ. ಅವಳು ಸಾಯೋಗಂಟ ಆ ಕಡೆ ಬಸ್ಸು ಹತ್ತಲಿಲ್ಲ. ಈ ಯಂತ್ರ ನಂಗೆ ಇಷ್ಟ ಕಣಪ್ಪ. ಸುಳ್ಳು ಯಾಕೆ ಹೇಳ್ಲಿ? ನಾನು ಮೊರದಾಗೆ ಮಾಡೋ ಕೆಲ್ಸ, ಅದು ರೆಕ್ಕೇಲಿ ಮಾಡ್ತದೆ."

"ನಂಗಿಷ್ಟ ಇಲ್ಲ," ಎಂದಳು ಮಾರಿ. "ಆಚೆ ಬೆಟ್ಟದಾಗೆ ಹೋದ ವರ್ಸ ನಿಲ್ಲಿಸಿದ್ರಲ್ಲ, ಅದರ ಬುಡಕ್ಕೆ ಸೌದೆಗೆ ಹೋಗಿದ್ದೆ. ಬಾವಲಿ ಸತ್ತು ಬಿದ್ದಿದ್ವು. ಒಂದು ಗರುಡ, ರೆಕ್ಕೆ ತುಂಡಾಗಿ. ಬಾವಲಿ ಇಲ್ದಿದ್ರೆ ಸೊಳ್ಳೆ ಯಾರಪ್ಪಾ ತಿಂತಾರೆ? ನಿಮ್ಮ ಕಂಪ್ನಿಯೋರಾ?"

"ಅದು ಇದೆ," ಎಂದ ಸತೀಶ್. "ಸುಳ್ಳಲ್ಲ."

"ಸದ್ದೂ ಐತೆ. ಹೂಶ್, ಹೂಶ್. ನಮ್ಮ ಮಾವ ಗೊರಕೆ ಹೊಡೀತಿದ್ದಂಗೆ. ಮಾವನ್ನ ಆದ್ರೆ ಕಾಲಲ್ಲಿ ಒದ್ದು ಮಗ್ಗುಲು ತಿರುಗಿಸ್ತಿದ್ವಿ."

"ಮತ್ತೆ ಗಾಳಿ ಮಲಗಿದಾಗ?" ಎಂದಳು ಮುದ್ದಿ. "ದೀಪಾವಳಿ ಕಳೆದ್ರೆ ಎರಡು ತಿಂಗಳು ಈ ಬೆಟ್ಟದಾಗೆ ಒಂದು ಎಲೆ ಅಳ್ಳಾಡಾಕಿಲ್ಲ. ಆಗೇನು, ನಿಮ್ಮ ದೊಡ್ಡೋರು ಮೇಲೆ ಹತ್ತಿ ಊದ್ತಾರಾ?"

ಕಂಪನಿ ಎರಡು ವರ್ಷ ಬೆಟ್ಟದ ಮೇಲೆ ಅಳತೆಯ ಕಂಬ ನಿಲ್ಲಿಸಿ, ದಪ್ಪ ವರದಿ ಬರೆಸಿತ್ತು. ಆ ವರದಿಯ ಕೊನೆಯ ಪುಟದಲ್ಲಿ ಇದ್ದದ್ದೂ ಇದೇ ಮಾತು.

"ಆಗ ಬೇರೆ ಕಡೆಯಿಂದ ಕರೆಂಟ್ ತರಬೇಕು ಅಕ್ಕ. ಗಾಳಿ ಒಂದನ್ನೇ ನಂಬಿ ಕೂರೋಕಾಗಲ್ಲ."

"ಒಪ್ಕೊಂಡ ನೋಡು," ಎಂದಳು ಮಾರಿ. "ಒಳ್ಳೇ ಹುಡ್ಗ. ಇವನ್ನ ಕಂಪ್ನೀಲಿ ಬಾಳ ದಿನ ಇಟ್ಕಳಾಕಿಲ್ಲ."

ಮುದ್ದಿ ತಲೆಯ ಮೇಲಿನ ಸೆರಗು ಸರಿಸಿ ಬಗ್ಗಿದಳು. ನೆತ್ತಿಯಲ್ಲಿ ಅಂಗೈ ಅಗಲ ಕೂದಲಿಲ್ಲ. "ನೋಡು. ನಿನ್ನ ಯಂತ್ರದ ಬುಡ. ಇಪ್ಪತ್ತಾರು ದಿನ ಜಲ್ಲಿ ಹೊತ್ತಿದ್ದೀವಿ, ಈ ಕಾಲೋನಿ ಹೆಂಗಸ್ರು. ಆಗಿನ್ನೂ ಮ್ಯಾಲಕ್ಕೆ ಲಾರಿ ದಾರಿ ಆಗಿರ್ಲಿಲ್ಲ ಅಂತ ತಲೆ ಮ್ಯಾಲೆ ಹೊರಿಸಿದ್ರು. ಗುಂಡಿ ತುಂಬಿದ ದಿನ ಪೂಜೆ. ಹಗ್ಗ ಕಟ್ಟಿ, ನೀವು ಅಲ್ಲೇ ನಿಂತ್ಕಳಿ ಅಂದ್ರು. ಪ್ರಸಾದ ಹಗ್ಗದಾಚೆಯಿಂದ ಎಸೆದ್ರು. ಮಾರಿ ಹಿಡೀಲಿಲ್ಲ."

"ಕೈ ಖಾಲಿ ಇರ್ಲಿಲ್ಲ," ಎಂದಳು ಮಾರಿ. "ಸೊಂಟ ಹಿಡ್ಕೊಂಡಿದ್ದೆ."

ಈ ಸಲ ನಕ್ಕವರು ಕಡಿಮೆ.

ಸತೀಶ್ ರಸ್ತೆಯಾಚೆ ನೋಡಿದ. ರಸ್ತೆಯ ಕೊನೆಯ ಕರೆಂಟು ಕಂಬದಿಂದ ಕಾಲೋನಿಗೆ ನಾನೂರು ಹೆಜ್ಜೆ. ಆ ನಾನೂರು ಹೆಜ್ಜೆ ಕಾಡಿಗೆ ಸೇರಿದ್ದು. ಹನ್ನೊಂದು ವರ್ಷದಿಂದ ಕಾಲೋನಿಯವರು ಅರ್ಜಿ ಕೊಟ್ಟಿದ್ದರು. ಕಾಡಿನಲ್ಲಿ ಕಂಬ ನೆಡುವಂತಿಲ್ಲ ಎಂದು ಹನ್ನೊಂದು ಸಲ ಉತ್ತರ ಬಂದಿತ್ತು. ಈಗ ಅದೇ ನಾನೂರು ಹೆಜ್ಜೆಯಲ್ಲಿ ಕಂಪನಿಯ ಐದು ಕಬ್ಬಿಣದ ಟವರುಗಳು ನಿಂತಿದ್ದವು. ತಂತಿ ಕಾಲೋನಿಯ ನೆತ್ತಿಯ ಮೇಲೇ ಹೋಗಿತ್ತು. ಅದರ ನೆರಳು ದಿನಕ್ಕೊಮ್ಮೆ ಹತ್ತೊಂಬತ್ತು ಮನೆಯ ಹೆಂಚನ್ನೂ ಮುಟ್ಟಿ ದಾಟುತ್ತಿತ್ತು.

ಬೈಕಿನ ಸದ್ದು ಕೇಳಿತು.

"ಬಂದ," ಎಂದಳು ಮಾರಿ, ಕಾಲು ಮಡಚದೆ.

ಎಸ್ಟೇಟಿನ ರೈಟರ್ ಶಿವಪ್ರಕಾಶ್. ಹಾಜರಿ ಬರೆಯುವವನು. ಕಾಫಿ ಹಣ್ಣಿನ ಪಿಕಿಂಗಿನಲ್ಲಿ ಚೀಲ ತೂಗುವವನು. ನಾಳೆ ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ಗೇಟಿನಲ್ಲಿ ನಿಂತು ಹೇಳುವವನು. ಬೆಟ್ಟಕ್ಕೆ ಕಂಪನಿ ಬಂದ ಮೇಲೆ ಕಂಪನಿಗೂ ಜನ ಒಪ್ಪಿಸಿ ಕೊಡುವವನು. ಕಾಲೋನಿಯವರ ಫೋನು ಚಾರ್ಜಿಗೆ ಹಾಕುವವನೂ ಅವನೇ.

ಎಸ್ಟೇಟ್ ಬಂಗಲೆಯ ಜಗಲಿಯಲ್ಲಿ ಎರಡು ಪ್ಲಗ್ಗುಗಳಿವೆ. ಅವು ಕಾಲೋನಿಯವರಿಗಲ್ಲ. ಕಾಲೋನಿಯವರಿಗೆ ನಾಯಿಗೂಡಿನ ಪ್ಲಗ್ಗು. ನಾಯಿಗೆ ಒಂದು ಬಲ್ಬಿದೆ. ಒಂದು ಸಣ್ಣ ಫ್ಯಾನಿದೆ. ಉಳಿದದ್ದರಲ್ಲಿ ಕಾಲೋನಿಯ ಫೋನು. ಗೇಟಿನ ಬಳಿ ಪ್ಲಾಸ್ಟಿಕ್ ಬುಟ್ಟಿ ಇಟ್ಟಿರುತ್ತದೆ. ಫೋನನ್ನು ಅದರಲ್ಲಿ ಹಾಕಿ ಹಿಂದೆ ಸರಿದು ನಿಲ್ಲಬೇಕು. ಶಿವಪ್ರಕಾಶ್ ಬರುತ್ತಾನೆ. ಬುಟ್ಟಿಯ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತಾನೆ. ಆಮೇಲೆ ಎತ್ತುತ್ತಾನೆ.

ಹೋದ ವರ್ಷ ಪರೀಕ್ಷೆಯ ದಿನ ಬೆಳಿಗ್ಗೆ ಕವನಾ ಫೋನಿಗೆ ಹೋಗಿದ್ದಳು. ಓದಬೇಕಾದ ಟಿಪ್ಪಣಿಯೆಲ್ಲ ಅದರಲ್ಲೇ ಇತ್ತು. ಕರೆದರೂ ರೈಟರ್ ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ತಾನೇ ಗೂಡಿನ ಬಳಿ ಹೋಗಿ ಕೈ ಹಾಕಿದಳು. ನಾಯಿ ಮಣಿಕಟ್ಟು ಹಿಡಿಯಿತು. ನಾಲ್ಕು ಹಲ್ಲು ಇಳಿದವು. ಓಡಿ ಬಂದ ಶಿವಪ್ರಕಾಶ್ ಮೊದಲು ನೋಡಿದ್ದು ನಾಯಿಯ ಬಾಯನ್ನು. "ಅದು ಎಂತ ಮಾಡ್ತದೆ ಪಾಪ," ಎಂದ. "ಯಾರು ಎಲ್ಲಿಯವರು ಅಂತ ಅದಕ್ಕೆ ವಾಸನೆ ಗೊತ್ತಾಗ್ತದೆ."

ಕಚ್ಚಿದ್ದು ಬಲಗೈ. ಕವನಾ ಅದೇ ಕೈಗೆ ಬಟ್ಟೆ ಸುತ್ತಿ ಪರೀಕ್ಷೆ ಬರೆದಳು. ಪಾಸಾದಳು. ನಾಲ್ಕು ಕಲೆಗಳು ಉಳಿದವು.

ಆ ಶಿವಪ್ರಕಾಶ್ ಈಗ ಬೈಕು ನಿಲ್ಲಿಸಿ ರೆಕ್ಕೆ ನೋಡಿದ. ರೆಕ್ಕೆಯ ಮೇಲಿನ ಸೀರೆ ನೋಡಿದ.

"ಏ ಮುದ್ದಿ, ಎಂತ ಇದು ನಾಟಕ? ಸಹಿ ಹಾಕು. ಕಂಪನಿಯವರು ಸೋಲಾರ್ ದೀಪ ಕೊಡ್ತಾರೆ."

"ಮಳೆಗಾಲದಾಗೆ ಬಿಸಿಲು ಯಾರು ಕೊಡ್ತಾರೆ ರೈಟರೇ?" ಎಂದು ಕೇಳಿ ಮುದ್ದಿ ಮೊರ ಎತ್ತಿದಳು. ಅವನು ನಿಂತದ್ದು ಗಾಳಿ ಹೋಗುವ ದಿಕ್ಕಿಗೆ. ಮೆಣಸಿನ ದೂಳು ಪೂರ್ತಿ ಅವನ ಮುಖಕ್ಕೆ ಹೋಯಿತು. ಏಳು ಸಲ ಸೀನಿದ. ಮಾರಿ ಗಟ್ಟಿಯಾಗಿ ಎಣಿಸಿದಳು.

"ಎಲ್ಲಾರ್ಗೂ ಗೊತ್ತು ಅಲ್ಲಿ ನಿಲ್ಲಬಾರ್ದು ಅಂತ," ಎಂದಳು ಮುದ್ದಿ. "ನಾನು ನಿಮ್ಮನ್ನ ಅಲ್ಲಿ ನಿಲ್ಲಿಸಿಲ್ಲ."

ಅವನು ಕಣ್ಣೊರೆಸಿಕೊಂಡು ರಸ್ತೆಗೆ ಹೋದ. ಫೋನಿನಲ್ಲಿ ಮಾತಾಡಿದ. 'ಸಾರ್, ಹೌದು ಸಾರ್' ಎಂಬುದಷ್ಟು ಕೇಳಿಸಿತು. ಮರಳಿದಾಗ ನಗುತ್ತಿದ್ದ.

"ಮುದ್ದಮ್ಮ," ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡು ಮುದ್ದಮ್ಮ, ಅಡುಗೆಮನೆ ಹೊಸದಾಗಿ ಕಟ್ಟಿಸಿ ಕೊಡ್ತಾರೆ. ಸಿಮೆಂಟ್ ತಾರಸಿ. ನೆಲಕ್ಕೆ ಟೈಲ್ಸ್. ನಿನ್ನ ಹೆಸರು ಒಂದು ಕಲ್ಲಿನಲ್ಲಿ ಕೆತ್ತಿಸಿ ಬೆಟ್ಟದ ಮೇಲೆ ಹಾಕ್ತಾರೆ."

"ಕೆಡವಿದ್ದು ಕಟ್ಟಿಸೋದು ದಾನ ಅಲ್ಲ. ಕಟ್ಟಿಸ್ಲೇಬೇಕು. ಕಲ್ಲು ಬ್ಯಾಡ. ಕಲ್ಲು ಹೊತ್ತಿದ್ದು ಸಾಕಾಗೈತೆ."

"ಮತ್ತೆ ಎಂತ ಬೇಕು ನಿಂಗೆ?"

ಮುದ್ದಿ ಮೊರ ಕೆಳಗಿಟ್ಟಳು. ಕೈ ಮೇಲಕ್ಕೆ ಎತ್ತಿದಳು. ನೆತ್ತಿಯ ಮೇಲಿನ ತಂತಿಯನ್ನು ತೋರಿಸಿದಳು. ಆಮೇಲೆ ಅದೇ ಬೆರಳನ್ನು ಕೆಳಗಿಳಿಸಿ ಒಂದೊಂದೇ ಮನೆಯ ಮೇಲೆ ಆಡಿಸಿದಳು. ನಿಧಾನವಾಗಿ. ಯಾವ ಮನೆಯನ್ನೂ ಬಿಡದೆ.

"ಕರೆಂಟು. ಹತ್ತೊಂಬತ್ತು ಮನೆಗೆ. ಕೊಡಿ, ಅಡುಗೆಮನೆ ನಾನೇ ಕಿತ್ತು ಕೊಡ್ತೀನಿ. ಹೆಂಚು ನಮ್ಮ ಮಾರಿ ಇಳಿಸ್ತಾಳೆ."

"ಅದೆಲ್ಲ ಆಗುವ ಮಾತಲ್ಲ ಮುದ್ದಮ್ಮ. ಅದು ಮೂವತ್ಮೂರು ಸಾವಿರ ವೋಲ್ಟಿನ ಲೈನು. ಮನೆಗೆ ಕೊಟ್ಟರೆ ಸುಟ್ಟು ಹೋಗ್ತೀರಿ ಎಲ್ಲ."

ಎಲ್ಲರೂ ಸತೀಶನ ಕಡೆ ನೋಡಿದರು. ಅವನು ಕಾಪಿಯ ಲೋಟವನ್ನು ತಿರುಗಿಸುತ್ತ ಕೂತಿದ್ದ. ಬಾಯಲ್ಲಿ ಮೆಣಸಿನ ಖಾರ ಇನ್ನೂ ಇತ್ತೋ ಏನೋ.

"ಆ ಲೈನಿಂದ ನೇರ ಕೊಡೋಕಾಗಲ್ಲ," ಎಂದ. "ಆದ್ರೆ ನಮ್ಮ ಸೈಟ್ ಶೆಡ್ಡಿಗೆ ಅಂತ ಕೆಳಗೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಹತ್ತೊಂಬತ್ತು ಮನೆ ಆರಾಮಾಗಿ ತಡೆಯುತ್ತೆ. ತಂತಿ ಎಳೆಯೋದು ಎರಡು ದಿನದ ಕೆಲಸ."

ಶಿವಪ್ರಕಾಶ್ ಅವನನ್ನು ನೋಡಿದ ನೋಟಕ್ಕೆ ರೆಕ್ಕೆಯೇ ಕರಗಬೇಕಿತ್ತು. ಮತ್ತೆ ರಸ್ತೆಗೆ ಹೋದ. ಈ ಸಲ ಫೋನು ಬಹಳ ಹೊತ್ತು ನಡೆಯಿತು.

ಹೊತ್ತು ಬೂರುಗದ ನೆತ್ತಿಗೆ ಇಳಿಯಿತು. ರೆಕ್ಕೆಯ ಮೇಲಿನ ಸೀರೆಯ ಸೆರಗು ಒಮ್ಮೆ ಎದ್ದಿತು, ಬಿದ್ದಿತು. ಮತ್ತೆ ಏಳಲಿಲ್ಲ. ಮುದ್ದಿ ಒಂದು ಹಿಡಿ ಹೊಟ್ಟು ತೂರಿದಳು. ಅದು ನೇರ ಅವಳ ಕಾಲ ಬುಡಕ್ಕೇ ಬಿತ್ತು.

"ಇಳೀತು," ಎಂದಳು. ಸತೀಶ್ ಗಾಳಿ ಅಳೆಯುವ ತನ್ನ ಪುಟ್ಟ ಯಂತ್ರ ತೆಗೆದು ನೋಡಿದ. ಯಂತ್ರವೂ ಅದನ್ನೇ ಹೇಳಿತು. ರಸ್ತೆಯಲ್ಲಿ ಬಂದು ಕಾಯುತ್ತಿದ್ದ ಕ್ರೇನಿನವನು ಇಂಜಿನ್ ಶುರು ಮಾಡಿದ. ಇನ್ನು ಬೇಕಾದದ್ದು ಒಂದು ಸಹಿ ಮಾತ್ರ.

ಶಿವಪ್ರಕಾಶ್ ಬಂದ. ಒಂದು ಕೈಯಲ್ಲಿ ಕಾಗದ ಮತ್ತು ಪೆನ್ನು. ಇನ್ನೊಂದರಲ್ಲಿ ಸೈಟ್ ಶೆಡ್ಡಿನಿಂದ ತಂದ ಹೊಸ ಎಲ್‌ಇಡಿ ಬಲ್ಬು, ಡಬ್ಬಿಯ ಸಮೇತ.

"ಮುದ್ದಮ್ಮನವರೇ," ಎಂದ.

"ಅಯ್ಯೋ!" ಎಂದಳು ಮಾರಿ. "ಇನ್ನೊಂದು ಫೋನ್ ಮಾಡಿದ್ರೆ ಕಾಲಿಗೆ ಬೀಳ್ತಾನೆ."

ಅವನು ಕೇಳಿಸಿಕೊಳ್ಳಲಿಲ್ಲ. "ಮುದ್ದಮ್ಮನವರೇ, ಒಪ್ಪಿದ್ರು. ಕರೆಂಟ್ ಕೊಡ್ತಾರೆ. ನಾಳೆಯೇ. ಮೀಟರು ಅವರದ್ದೇ. ಬಿಲ್ಲು ಅವರೇ ಕಟ್ತಾರೆ, ನೀವು ಇರುವವರೆಗೆ. ಬಲ್ಬು ಇಗೋ."

ಕವನಾ ಎದ್ದು ನಿಂತಳು.

"ಎಷ್ಟು ಮನೆಗೆ?" ಎಂದಳು ಮುದ್ದಿ.

"ನಿಮ್ಮ ಮನೆಗೆ."

"ಉಳಿದ ಹದಿನೆಂಟಕ್ಕೆ?"

"ಅದು ಆಮೇಲೆ ನೋಡುವ. ಸಹಿ ಬೇಕಾದ್ದು ನಿಮ್ಮದು ಮಾತ್ರ ಅಲ್ವಾ? ಎಲ್ಲರಿಗೂ ಕೊಟ್ಟರೆ ನಾಳೆ ಪಕ್ಕದ ಕಾಲೋನಿಯವರೂ ಕೇಳ್ತಾರೆ. ಕಂಪನಿ ಎಲ್ಲಿಗೆ ಅಂತ ಹೋಗ್ತದೆ? ಮಗಳು ಓದುವವಳು. ಅವಳ ಮುಖ ನೋಡಿ ಒಪ್ಪಿಕೊಳ್ಳಿ."

ಮುದ್ದಿ ಮಗಳ ಮುಖ ನೋಡಿದಳು. ಮುಂದಿನ ವಾರ ಕೊನೆಯ ವರ್ಷದ ಪರೀಕ್ಷೆ. ಟಾರ್ಚನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಓದುವ ಹುಡುಗಿ. ಚಾರ್ಜು ಇಳಿದರೆ ಓದಿದ್ದನ್ನು ಕತ್ತಲಲ್ಲಿ ಬಾಯಿಪಾಠ ಹೇಳುವವಳು. ಒಂದು ಬಲ್ಬು. ಅದರಲ್ಲಿ ಏನೇನಿದೆ ಎಂದು ಮುದ್ದಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕವನಾ ನೆಲದಲ್ಲಿದ್ದ ಮೊರ ಎತ್ತಿ ಅವ್ವನ ಕೈಗೆ ಕೊಟ್ಟಳು, ಅಷ್ಟೆ. ಕೊಡುವಾಗ ಮಣಿಕಟ್ಟಿನ ನಾಲ್ಕು ಕಲೆಗಳು ಕಂಡವು. ಅವಳು ನಗುತ್ತಿದ್ದಳು.

ಮುದ್ದಿಯೂ ನಕ್ಕಳು. ನಗುವಿನ ಕೊನೆಗೆ ಒಂದು ಸಲ ಕೆಮ್ಮಿದಳು. ಶಿವಪ್ರಕಾಶನ ಕೈಯಿಂದ ಬಲ್ಬು ತೆಗೆದುಕೊಂಡು, ಡಬ್ಬಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದಳು. ಚೆನ್ನಾಗಿತ್ತು. ಮತ್ತೆ ಡಬ್ಬಿಯೊಳಗೆ ಇಟ್ಟಳು. ಮುಚ್ಚಳ ಸರಿಯಾಗಿ ಮಡಚಿದಳು. ಡಬ್ಬಿಯನ್ನು ಮೊರದಲ್ಲಿಟ್ಟು ಅವನ ಮುಂದೆ ಚಾಚಿದಳು.

"ನಮ್ಮನೆಗೊಂದಕ್ಕೆ ಕರೆಂಟು ಬಂದ್ರೆ, ಹದಿನೆಂಟು ಮನೆಯೋರು ಫೋನು ಹಿಡ್ಕೊಂಡು ನಮ್ಮ ಬಾಗಿಲಲ್ಲಿ ನಿಂತ್ಕೋತಾರೆ. ನಾನು ಬುಟ್ಟಿ ಇಡಬೇಕಾಯ್ತದೆ." ಅವಳು ಮೊರವನ್ನು ಇನ್ನಷ್ಟು ಮುಂದೆ ಚಾಚಿದಳು. "ನಾನು ರೈಟರ್ ಆಗಾಕಿಲ್ಲ. ಬ್ಯಾಡ."